ಮದ್ದಿನ ಮಟ್ಟ

ಈ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಗೋಪನಕೊಪ್ಪದಲ್ಲಿರುವ ನನ್ನ ತಂಗಿ ತನ್ನ ಮಗನಿಗೆ ಒಂದು ಮೂತ್ರಪಿಂಡವನ್ನು ಕೊಟ್ಟಳು. ಶಸ್ತ್ರಕ್ರಿಯೆ ಮುಗಿದು ಮನೆಗೆ ಬಂದ ಮೇಲೆ, ಮೊದಲ ಸಲ ಅವನನ್ನು ರಕ್ತಪರೀಕ್ಷೆಗೆ ಕರೆದೊಯ್ದವನು ನಾನು. ಮದ್ದಿನ ಹೊತ್ತು ಮೀರಬಾರದೆಂದು ಆಸ್ಪತ್ರೆಯ ಬಾಗಿಲಲ್ಲೇ ಗುಳಿಗೆ ನುಂಗಿಸಿದೆ. ಸೂಜಿ ಹಿಡಿದ ದಾದಿ, “ಬೆಳಗಿನ ಗುಳಿಗಿ ತೊಗೊಂಡೀರೇನು?” ಎಂದು ಕೇಳಿದಳು. ಹೌದೆಂದೊಡನೆ ಸೂಜಿ ಕೆಳಗಿಟ್ಟು, “ಹಂಗಾದ್ರ ನಾಳೆ ಬರ್ರಿ” ಎಂದಳು. ನನಗೆ ಸಿಟ್ಟೇ ಬಂದಿತು.

ಅದರ ಕಾರಣವನ್ನು ಆಮೇಲೆ ವೈದ್ಯರು ಬಿಡಿಸಿ ಹೇಳಿದರು. ತಾಯಿಯದೇ ಆದರೂ ಆ ಅವಯವ ಮಗನ ಶರೀರಕ್ಕೆ ಪರಕೀಯ. ರಕ್ತದ ಬಿಳಿಯ ಕಣಗಳು ಅದರ ಮೇಲೆ ಎರಗುತ್ತವೆ. ಅವನ್ನು ತಡೆಯುವ ಟ್ಯಾಕ್ರೋಲಿಮಸ್ ಎಂಬ ಮದ್ದು, 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ದೊರೆತದ್ದು. ಒಂದೇ ತೂಕದ ಗುಳಿಗೆಯನ್ನು ಇಬ್ಬರು ನುಂಗಿದರೂ ಕರುಳು, ಯಕೃತ್ತುಗಳು ಅದನ್ನು ಒಡೆದುಹಾಕುವ ವೇಗ ಬೇರೆಬೇರೆ. ಆದ್ದರಿಂದ ಗುಳಿಗೆಯನ್ನಲ್ಲ, ರಕ್ತದಲ್ಲಿ ಉಳಿದ ಮದ್ದನ್ನೇ ಅಳೆಯಬೇಕು. ರಾತ್ರಿಯ ಗುಳಿಗೆಯಾಗಿ ಹನ್ನೆರಡು ತಾಸು ಕಳೆದು, ಬೆಳಗಿನದನ್ನು ನುಂಗುವ ಮುನ್ನ ಅದು ಅತ್ಯಂತ ತಗ್ಗಿನಲ್ಲಿರುತ್ತದೆ. ಮೊದಲ ತಿಂಗಳುಗಳಲ್ಲಿ ಅನೇಕ ವೈದ್ಯರು ಬಯಸುವುದು ಒಂದು ಮಿಲಿಲೀಟರು ರಕ್ತಕ್ಕೆ ಸುಮಾರು 8ರಿಂದ 12 ನ್ಯಾನೋಗ್ರಾಂ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು! ಗುಳಿಗೆ ನುಂಗಿದ ಮೇಲೆ ರಕ್ತ ತೆಗೆದಿದ್ದರೆ ಅಂಕಿ ಏರಿರುತ್ತಿತ್ತು. ಮದ್ದು ಹೆಚ್ಚಾಯಿತೆಂದು ತಗ್ಗಿಸಿದ್ದರೆ ಹುಡುಗ ತಾಯಿಯ ಕೊಡುಗೆಯನ್ನೇ ಕಳೆದುಕೊಳ್ಳಬಹುದಿತ್ತು.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಮದ್ದು ಕಡಿಮೆಯಾದರೆ ಶರೀರ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಹೆಚ್ಚಾದರೆ ಮದ್ದೇ ಅದರ ರಕ್ತನಾಳಗಳನ್ನು ಬಿಗಿದು ಹಾಳುಮಾಡುತ್ತದೆ. ಎರಡರಲ್ಲಿಯೂ ಕಾಣುವ ಚಿಹ್ನೆ ಒಂದೇ, ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು. ಚಿಕಿತ್ಸೆ ಮಾತ್ರ ತದ್ವಿರುದ್ಧ. ಮದ್ದಿನ ಮಟ್ಟ ಇಲ್ಲಿ ದಾರಿ ತೋರುತ್ತದೆ. ಅದರಿಂದಲೂ ತಿಳಿಯದಿದ್ದರೆ ಮೂತ್ರಪಿಂಡದ ಒಂದು ಎಳೆಯಷ್ಟು ಚೂರನ್ನು ತೆಗೆದು ನೋಡಬೇಕಾಗುತ್ತದೆ. ಕ್ಷಯದ ರಿಫಾಂಪಿಸಿನ್ ಈ ಮಟ್ಟವನ್ನು ಕುಸಿಯುವಂತೆ ಮಾಡುತ್ತದೆ. ಬೂಷ್ಟು ಸೋಂಕಿಗೆ ಕೊಡುವ ಕೆಲವು ಔಷಧಗಳು, ಹೊಟ್ಟೆ ಕಳಚುವುದು, ಕಡೆಗೆ ಚಕ್ಕೋತ ಹಣ್ಣು ಸಹ ಏರಿಸಬಲ್ಲವು.

ಮರುದಿನ ಬರಿಹೊಟ್ಟೆ, ಬರಿ ಬಾಯಿಯಲ್ಲಿ ಹೋದೆವು. ಅಂಕಿ 6 ಎಂದು ಬಂದಿತು. ವೈದ್ಯರು ಕೂಡಲೇ ಲೇಖನಿ ಎತ್ತಲಿಲ್ಲ. ಹುಡುಗನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಬೆರಳು ನಡುಗುತ್ತವೆಯೇ ಎಂದು ನೋಡಿದರು, ಒಂದು ಹೊತ್ತಾದರೂ ಗುಳಿಗೆ ತಪ್ಪಿತೇ ಎಂದು ಕೇಳಿದರು. ಆಮೇಲೆ ಅರ್ಧ ಮಿಲಿಗ್ರಾಂ ಏರಿಸಿ, ಮೂರು ದಿನ ಬಿಟ್ಟು ಬರಹೇಳಿದರು. ಆ ಸಲ ಗುಳಿಗೆಯ ಡಬ್ಬಿ ತಂಗಿಯ ಕೈಯಲ್ಲಿತ್ತು.