ಜಗಲಿಯ ಚೌಕಾಬಾರವೂ ಲಿನಕ್ಸಿನ ಆಟವೂ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದ ಬಸ್ಸು, ಲಾರಿಗಳೆಲ್ಲ ನೆಲಮಂಗಲದವರೆಗೆ ಜೊತೆಯಾಗಿಯೇ ಬರುತ್ತವೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹೆದ್ದಾರಿ ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್, ಹಾಸನ ದಾಟಿ ಮಂಗಳೂರಿನ ಕಡೆಗೆ. ಮನೆಯಲ್ಲೋ ಶಾಲೆಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಎಂಟು ಹತ್ತು ವರ್ಷ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೂ ಈಗ ಇಂಥದೇ ಒಂದು ಕವಲಿನಲ್ಲಿ ನಿಂತಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಯಂತ್ರ ಕೆಟ್ಟಿಲ್ಲ, ಆದರೂ ಅದಕ್ಕೆ ಕಾಲ ಮುಗಿಯಿತು ಎನ್ನಲಾಗುತ್ತಿದೆ. ಹೊಸದನ್ನು ಕೊಳ್ಳುವುದು ಒಂದು ದಾರಿ. ಹಳೆಯದಕ್ಕೇ ಲಿನಕ್ಸ್ ಹಾಕಿ ಬಳಸುವುದು ಇನ್ನೊಂದು.

ಎರಡನೆಯ ದಾರಿಯ ಮಾತೆತ್ತಿದರೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಬೇಕಾದ ತಂತ್ರಾಂಶವನ್ನು ಅದರಲ್ಲಿ ಹಾಕಿಕೊಳ್ಳುವುದು ಹೇಗೆ? ಮಕ್ಕಳು ಅದರಲ್ಲಿ ಆಟ ಆಡಬಹುದೆ? ಎರಡನೆಯದು ಚಿಲ್ಲರೆ ಪ್ರಶ್ನೆ ಎನಿಸಬಹುದು. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಮೌಸ್ ಹಿಡಿಯುವುದನ್ನು ಕಲಿತದ್ದೇ ಕಂಪ್ಯೂಟರಿನ ಪರದೆಯ ಮೇಲೆ ಇಸ್ಪೀಟಿನ ಎಲೆ ಜೋಡಿಸುತ್ತಾ. ಆಟವಿಲ್ಲದ ಯಂತ್ರವನ್ನು ಮನೆಯ ಮಕ್ಕಳು ಒಪ್ಪುವುದಿಲ್ಲ. ಮಕ್ಕಳು ಒಪ್ಪದ್ದು ಮನೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಲಿನಕ್ಸಿನ ಸ್ವಭಾವ ತಿಳಿಯಲು ನಮ್ಮ ಚೌಕಾಬಾರವನ್ನೇ ನೋಡಿ. ಗುಡಿಯ ಜಗಲಿಯ ಕಲ್ಲಿನ ಮೇಲೆ ಐದೈದು ಮನೆಗಳ ಚೌಕ ಗೀಚಿ, ನಾಲ್ಕು ಕವಡೆ ಹಿಡಿದು ಕೂತರೆ ಆಟ ಶುರು. ಆ ಮನೆಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ನಿಯಮಗಳು ಎಲ್ಲರಿಗೂ ಗೊತ್ತು. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಕೂಡದು ಎಂದು ಒಂದು ಊರಿನಲ್ಲಿ ಹೇಳಿದರೆ, ಇನ್ನೊಂದು ಊರಿನಲ್ಲಿ ಆ ಕಟ್ಟು ಇಲ್ಲ. ಹೀಗೆ ಬದಲಿಸಲು ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಡುವ, ಒಳಗನ್ನು ಅರಿಯುವ, ಇನ್ನೊಬ್ಬರಿಗೆ ಕೊಡುವ, ತಿದ್ದಿ ಹಂಚುವ ಈ ನಾಲ್ಕು ಸ್ವಾತಂತ್ರ್ಯಗಳನ್ನು ಕಂಪ್ಯೂಟರಿನ ತಂತ್ರಾಂಶಕ್ಕೂ ಅನ್ವಯಿಸಬೇಕೆಂಬುದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯ ತಿರುಳು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಎಂಬ ತಿರುಳು-ತಂತ್ರಾಂಶ ಅದರೊಂದಿಗೆ ಕೂಡಿಕೊಂಡಿತು. ಅದೇ ತಿರುಳನ್ನು ಇಟ್ಟುಕೊಂಡು ಬೇರೆ ಬೇರೆ ತಂಡಗಳು ಕಟ್ಟಿದ ಸಿದ್ಧರೂಪಗಳೇ ಡೆಬಿಯನ್, ಉಬುಂಟು, ಫೆಡೋರಾ, ಲಿನಕ್ಸ್ ಮಿಂಟ್ ಮೊದಲಾದವು.

ಕರ್ನಾಟಕಕ್ಕೆ ಇದು ಹೊಸ ಪರಿಚಯವಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿ.ಡಿ.ಯನ್ನು ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರೂ ಗೆಳೆಯರೂ ಸೇರಿ 2001ರಲ್ಲಿ ಆರಂಭಿಸಿದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಮುಂದೆ ಬೇರೆ ಹೆಸರಿನಲ್ಲಿ 2012ರವರೆಗೆ ನಡೆಯಿತು. ಆ ದಿನಗಳಲ್ಲಿ ಲಿನಕ್ಸ್ ಹಾಕುವುದೆಂದರೆ ಡಿಸ್ಕಿನ ಭಾಗ ಮಾಡುವಾಗ ಇದ್ದ ಕಡತವೂ ಹೋಗಬಹುದೆಂಬ ಭಯ, ಧ್ವನಿ ಬರಿಸಲು ಒಂದು ದಿನ, ಮೋಡೆಮ್ ಮಾತಾಡಿಸಲು ಇನ್ನೊಂದು ದಿನ. ಈಗ ಹಾಗಿಲ್ಲ. ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿಕೊಂಡು ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ, ಒಳಗಿನ ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ಪರೀಕ್ಷಿಸಬಹುದು. ವೈಫೈ, ಪ್ರಿಂಟರ್, ಧ್ವನಿ ಸರಿಯಿದ್ದರೆ ಮುಂದುವರಿಯುವುದು, ಇಲ್ಲವಾದರೆ ಪೆನ್‌ಡ್ರೈವ್ ಕಿತ್ತಿಡುವುದು.

ಇನ್ನು ತಂತ್ರಾಂಶ ಹಾಕುವ ಬಗೆ. ವಿಂಡೋಸಿನಲ್ಲಿ ನಮಗೆ ರೂಢಿಯಾದದ್ದು ಎಲ್ಲಿಂದಲೋ ಸೆಟಪ್ ಕಡತ ಇಳಿಸಿಕೊಂಡು, ‘ನೆಕ್ಸ್ಟ್, ನೆಕ್ಸ್ಟ್’ ಒತ್ತುವುದು. ಆ ಕಡತದೊಳಗೆ ಏನಿದೆಯೆಂದು ಕೇಳುವವರಿಲ್ಲ. ನಕಲಿ ಆಟದ ಜೊತೆ ವೈರಸ್ಸು ಮನೆಹೊಕ್ಕುವುದು ಬಹುಪಾಲು ಈ ಬಾಗಿಲಿನಿಂದಲೇ. ಲಿನಕ್ಸಿನಲ್ಲಿ ಪ್ರತಿ ಬಳಗಕ್ಕೂ ಒಂದು ಭಂಡಾರವಿದೆ. ಸಾವಿರಾರು ತಂತ್ರಾಂಶಗಳು ಅಲ್ಲಿ ಪೊಟ್ಟಣ ಕಟ್ಟಿ, ಗಣಿತದ ಮೊಹರು ಒತ್ತಿ ಇಟ್ಟಿರುತ್ತವೆ. ನೀವು ‘ಸಾಫ್ಟ್‌ವೇರ್ ಮ್ಯಾನೇಜರ್’ ತೆರೆದು ಹೆಸರು ಹುಡುಕಿ ಗುಂಡಿ ಒತ್ತಿದರೆ, ಕಂಪ್ಯೂಟರ್ ಮೊದಲು ಮೊಹರನ್ನು ಪರೀಕ್ಷಿಸುತ್ತದೆ. ಬಿಸಿಬೇಳೆಬಾತಿಗೆ ಅಕ್ಕಿಯ ಜೊತೆ ಬೇಳೆ, ಹುಣಸೆ, ಪುಡಿ ಬೇಕಾಗುವಂತೆ ಆ ತಂತ್ರಾಂಶಕ್ಕೆ ಬೇಕಾದ ಬಿಡಿಭಾಗಗಳ ಪಟ್ಟಿಯನ್ನೂ ಅದು ನೋಡುತ್ತದೆ. ಮನೆಯಲ್ಲಿ ಇಲ್ಲದ್ದನ್ನಷ್ಟೇ ತರಿಸಿಕೊಳ್ಳುತ್ತದೆ. ಮುಂದೆ ಎಲ್ಲವನ್ನೂ ಒಟ್ಟಿಗೆ ಪರಿಷ್ಕರಿಸುವ ಕೆಲಸವೂ ಆ ಭಂಡಾರದ್ದೇ. ಇಂದು ಮೊಬೈಲಿನಲ್ಲಿ ಎಲ್ಲರೂ ಬಳಸುವ ಆ್ಯಪ್ ಅಂಗಡಿಯ ಕಲ್ಪನೆ ಲಿನಕ್ಸಿನವರಿಗೆ 1990ರ ದಶಕದಲ್ಲೇ ಪರಿಚಿತವಾಗಿತ್ತು. ವ್ಯತ್ಯಾಸವೆಂದರೆ ಇಲ್ಲಿ ಹಣದ ಪೆಟ್ಟಿಗೆ ಇರಲಿಲ್ಲ.

ಹಾಗೆಂದು ಭಂಡಾರಕ್ಕೆ ಕಳ್ಳರ ಕಾಟವೇ ಇಲ್ಲವೆನ್ನಲಾಗದು. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ಬಿಡಿಭಾಗದೊಳಗೆ ಯಾರೋ ಹಿಂಬಾಗಿಲು ಕೊರೆದಿಟ್ಟದ್ದು ಬೆಳಕಿಗೆ ಬಂತು. ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಸಂಶಯಪಟ್ಟ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಒಳಗು ತೆರೆದಿದ್ದುದರಿಂದ ಅವರು ಹುಡುಕಲು ಸಾಧ್ಯವಾಯಿತು. ಆದರೆ ಹುಡುಕುವ ಕಣ್ಣು ಬೇಕಿತ್ತು ಎಂಬುದೂ ಅಷ್ಟೇ ನಿಜ. ಆದ್ದರಿಂದ ಭಂಡಾರದ ಹೊರಗಿನ ಅಪರಿಚಿತ ಪೊಟ್ಟಣಗಳನ್ನು ಹಾಕಿಕೊಳ್ಳುವಾಗ ಲಿನಕ್ಸಿನಲ್ಲೂ ಎಚ್ಚರ ಬೇಕು.

ಆಟದ ವಿಷಯದಲ್ಲಿ ಮಾತ್ರ ಲಿನಕ್ಸ್ ಬಹುಕಾಲ ಬಡವನಾಗಿತ್ತು. ಆಟ ತಯಾರಿಸುವ ಕಂಪೆನಿಗಳು ಗಿರಾಕಿ ಹೆಚ್ಚಿರುವ ವಿಂಡೋಸಿಗೇ ಆಟ ಬರೆದವು. ಆಟಗಳಿಲ್ಲದ್ದರಿಂದ ಲಿನಕ್ಸಿಗೆ ಗಿರಾಕಿಗಳು ಬರಲಿಲ್ಲ. ಹೆಸರಾಂತ ‘ಡೂಮ್’ ಆಟ 1994ರಲ್ಲೇ ಲಿನಕ್ಸಿಗೂ ಬಂದಿತ್ತು. 1998ರಲ್ಲಿ ಆರಂಭವಾದ ಲೋಕಿ ಎಂಬ ಕಂಪೆನಿ ದೊಡ್ಡ ಆಟಗಳನ್ನು ಲಿನಕ್ಸಿಗೆ ಒಗ್ಗಿಸಿ ಮಾರಲು ಹೊರಟು, 2002ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಉಳಿದದ್ದು ಹವ್ಯಾಸಿಗಳು ಕಟ್ಟಿದ ಆಟಗಳು. ಪೆಂಗ್ವಿನ್ ಬಂಡಿ ಓಡಿಸುವ ‘ಸೂಪರ್‌ಟಕ್ಸ್‌ಕಾರ್ಟ್’, ಸೇನೆ ನಡೆಸುವ ‘ವೆಸ್‌ನಾತ್’ ಇವು ಭಂಡಾರದಲ್ಲಿ ಇಂದಿಗೂ ಕಾಸಿಲ್ಲದೆ ಸಿಗುತ್ತವೆ.

ಬದಲಾವಣೆ ಬಂದದ್ದು ಒಬ್ಬ ದುಭಾಷಿಯಿಂದ. ವಿಂಡೋಸಿಗಾಗಿ ಬರೆದ ಆಟವು ‘ಈ ಚಿತ್ರ ಬಿಡಿಸು, ಈ ಕಡತ ತೆರೆ’ ಎಂದು ವಿಂಡೋಸಿನ ಭಾಷೆಯಲ್ಲಿ ಕೇಳುತ್ತದೆ. 1993ರಲ್ಲಿ ಹುಟ್ಟಿದ ‘ವೈನ್’ ಎಂಬ ತಂತ್ರಾಂಶ ನಡುವೆ ನಿಂತು ಅದನ್ನು ಲಿನಕ್ಸಿನ ಭಾಷೆಗೆ ತಿರುಗಿಸಿ ಹೇಳುತ್ತದೆ. ಆಟಕ್ಕೆ ತಾನು ಪರಸ್ಥಳದಲ್ಲಿರುವುದೇ ತಿಳಿಯದು. ಆಟಗಳನ್ನು ಮಾರುವ ಸ್ಟೀಮ್ ಅಂಗಡಿಯ ಒಡೆಯ ವಾಲ್ವ್ ಕಂಪೆನಿ 2013ರಲ್ಲಿ ಲಿನಕ್ಸಿಗೆ ಬಂತು. 2018ರ ಆಗಸ್ಟಿನಲ್ಲಿ ಈ ದುಭಾಷಿಯನ್ನೇ ಪಳಗಿಸಿ ‘ಪ್ರೋಟಾನ್’ ಎಂಬ ಹೆಸರಿನಲ್ಲಿ ತನ್ನ ಅಂಗಡಿಗೆ ಜೋಡಿಸಿತು. ಲಿನಕ್ಸಿನ ಮೇಲೆಯೇ ನಡೆಯುವ ‘ಸ್ಟೀಮ್ ಡೆಕ್’ ಎಂಬ ಕೈಯಂತ್ರ 2022ರಲ್ಲಿ ಮಾರುಕಟ್ಟೆಗೆ ಬಂತು. ಸ್ಟೀಮ್ ಬಳಸುವವರಲ್ಲಿ ಲಿನಕ್ಸಿನವರ ಪಾಲು 2025ರ ಅಕ್ಟೋಬರಿನಲ್ಲಿ ಶೇಕಡ 3ನ್ನು ದಾಟಿತು. ಸಣ್ಣ ಸಂಖ್ಯೆಯೇ, ಆದರೆ ಸಾವಿರಾರು ವಿಂಡೋಸ್ ಆಟಗಳು ಇಂದು ಲಿನಕ್ಸಿನಲ್ಲಿ ಗುಂಡಿ ಒತ್ತಿದರೆ ನಡೆಯುತ್ತವೆ.

ಎಲ್ಲ ಆಟಗಳೂ ಅಲ್ಲ. ಹುಡುಗರ ಮೆಚ್ಚಿನ ‘ವ್ಯಾಲೊರಂಟ್’, ‘ಫೋರ್ಟ್‌ನೈಟ್’ ಲಿನಕ್ಸಿನಲ್ಲಿ ನಡೆಯುವುದಿಲ್ಲ. ಅಂತರಜಾಲದಲ್ಲಿ ಎದುರುಬದುರಾಗಿ ಆಡುವಾಗ ಮೋಸ ತಡೆಯಲು ಇಂಥ ಆಟಗಳು ಕಾವಲುಗಾರನನ್ನು ಇಟ್ಟುಕೊಳ್ಳುತ್ತವೆ. ಕೆಲವು ಕಾವಲುಗಾರರು ವಿಂಡೋಸಿನ ತಿರುಳಿನೊಳಗೇ ಕುಳಿತು ಆಟಗಾರನ ಯಂತ್ರವನ್ನೆಲ್ಲ ನೋಡುತ್ತಾರೆ. ತಿರುಳನ್ನೇ ಬಳಕೆದಾರ ತಿದ್ದಬಹುದಾದ ಲಿನಕ್ಸಿನಲ್ಲಿ ಅವರಿಗೆ ನೆಲೆ ಸಿಗದು. ಯಂತ್ರದ ಒಡೆಯ ಯಾರು, ಕೊಂಡವನೋ ಆಟ ಕೊಟ್ಟವನೋ ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಎದುರಾಗುತ್ತದೆ. ಇಂಥ ಆಟವೇ ಬೇಕೆನ್ನುವ ಹುಡುಗನಿರುವ ಮನೆಯವರು ಇದನ್ನು ತಿಳಿದೇ ಮುಂದುವರಿಯಬೇಕು. ಹಾಗೆಯೇ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಅಕ್ಷರಗಳಲ್ಲಿ ವರ್ಷಗಟ್ಟಲೆ ಕೆಲಸ ಪೇರಿಸಿಟ್ಟ ಡಿಟಿಪಿ ಅಂಗಡಿಯವರೂ ಅದನ್ನು ಯುನಿಕೋಡಿಗೆ ತಂದುಕೊಳ್ಳದೆ ಅವಸರಪಡಬಾರದು.

ಶಾಲೆಯ ಮಾತು ಬೇರೆ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ಪೂರ್ತಿ ಲಿನಕ್ಸಿಗೆ ಹೊರಳಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಪಾಠವನ್ನು ಕನ್ನಡದ ಪಠ್ಯಪುಸ್ತಕದಲ್ಲೇ ಓದುತ್ತಾರೆ. ಅಲ್ಲಿಯ ಪ್ರಾಥಮಿಕ ತರಗತಿಗಳ ಕಂಪ್ಯೂಟರ್ ಪುಸ್ತಕದ ಮಲಯಾಳಂ ಹೆಸರು ‘ಕಳಿಪ್ಪೆಟ್ಟಿ’, ಅಂದರೆ ಆಟದ ಪೆಟ್ಟಿಗೆ. ಆಡುತ್ತಲೇ ಮೌಸು, ಕೀಲಿಮಣೆ, ಲೆಕ್ಕ ಕಲಿಯುವ ಕ್ರಮ ಅದು. ಕರ್ನಾಟಕದಲ್ಲೂ 2011ರಿಂದ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಲಿನಕ್ಸಿನಲ್ಲಿ ತರಬೇತಿ ಕೊಟ್ಟಿತು.

ಮಕ್ಕಳಿಗಾಗಿ ಭಂಡಾರದಲ್ಲಿರುವ ಒಂದು ಪೊಟ್ಟಣದ ಹೆಸರು ‘ಜಿಕಾಂಪ್ರಿ’. ‘ನನಗೆ ಅರ್ಥವಾಯಿತು’ ಎಂಬ ಫ್ರೆಂಚ್ ಮಾತಿನ ಧ್ವನಿ ಅದರಲ್ಲಿದೆ. ಫ್ರಾನ್ಸಿನ ಬ್ರೂನೋ ಕೂಡ್ವಾಂ 2000ದಲ್ಲಿ ಆರಂಭಿಸಿದ ಇದರಲ್ಲಿ ನೂರಕ್ಕೂ ಹೆಚ್ಚು ಆಟಗಳಿವೆ. ತೆರೆದು ನೋಡಿದರೆ ಒಂದು ಅಚ್ಚರಿ ಕಾದಿದೆ. ಒಂದರೊಳಗೊಂದು ಮೂರು ಚೌಕ, ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ, ಮೂರು ಸಾಲುಗೂಡಿದರೆ ಎದುರಾಳಿಯ ಒಂದು ಕಾಯಿ ನಮ್ಮದು. ಇದು ನಮ್ಮ ಸಾಲುಮನೆಯೇ! ಇನ್ನೊಂದು, ಆಫ್ರಿಕದ ‘ಓವಾರೆ’: ಎರಡು ಸಾಲು ಕುಳಿ, ಕುಳಿಗೆ ನಾಲ್ಕು ಬೀಜ, ಒಂದೊಂದಾಗಿ ಹಂಚುತ್ತಾ ಹೋಗುವುದು. ನಮ್ಮ ಅಳಗುಳಿ ಮನೆಯ ದಾಯಾದಿ. ಅಲ್ಲಿ ಸಾಲಿಗೆ ಆರು ಕುಳಿ, ನಮ್ಮಲ್ಲಿ ಏಳು.

ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಸ್ವತಃ ರೂಪಿಸಿದ ನಾಡು ಇದು. ಆ ಪರಂಪರೆಯ ಆಟಗಳು ಜಗಲಿಯಿಂದ ಮರೆಯಾಗುತ್ತಿರುವಾಗ ಪರದೆಯ ಮೇಲಾದರೂ ಉಳಿಯಬೇಕಲ್ಲವೆ? ಬೀಗ ಹಾಕಿದ ಆಟದಲ್ಲಿ ಅದನ್ನು ಕಂಪೆನಿಯೇ ಮನಸ್ಸು ಮಾಡಿ ಮಾಡಬೇಕು. ಜಿಕಾಂಪ್ರಿಯ ಒಳಗೋ ಎಲ್ಲರಿಗೂ ತೆರೆದಿದೆ. ಆರು ಕುಳಿಯನ್ನು ಏಳು ಮಾಡಿ, ನಮ್ಮ ನಿಯಮ ಬರೆದು, ಕನ್ನಡದ ಮಾತು ಸೇರಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡಕ್ಕೆ ನಿಲುಕದ ಕೆಲಸವಲ್ಲ. ಲಿನಕ್ಸಿನಲ್ಲಿ ಆಟ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆತಿದೆ. ಅದರಲ್ಲಿ ನಮ್ಮ ಆಟ ಯಾವಾಗ ಸಿಗುತ್ತದೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ನಾವೇ.