ಅಂಗಳದಲ್ಲೊಂದು ಈಜುಕೊಳ – ಕೊಳ್ಳುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಮಕ್ಕಳಿರುವ ಮನೆಯ ಗೃಹಿಣಿಗೆ ಎರಡು ಕಾವಲು ಕೆಲಸ ತಪ್ಪಿದ್ದಲ್ಲ. ಒಂದು, ಹಪ್ಪಳ ಸಂಡಿಗೆಯನ್ನು ಕಾಗೆಗಳಿಂದ ಕಾಯುವುದು. ಇನ್ನೊಂದು, ಮಕ್ಕಳನ್ನು ಬಿಸಿಲಿನಿಂದ ಕಾಯುವುದು. ನಮ್ಮ ತಾಯಂದಿರಿಗೆ ಈ ಎರಡನೆಯ ಕಷ್ಟ ಅಷ್ಟಾಗಿ ಇರಲಿಲ್ಲವೆಂದು ತೋರುತ್ತದೆ. ತೋಟದ ಬಾವಿಯೋ, ಊರ ಕಲ್ಯಾಣಿಯೋ ಇರುತ್ತಿತ್ತು. ಸೋದರಮಾವ ಸೊಂಟಕ್ಕೊಂದು ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳಿದರೆ ನಾಲ್ಕು ದಿನದಲ್ಲಿ ಈಜು ಬಂದುಬಿಡುತ್ತಿತ್ತು. ಈಗ ಬಾವಿಯ ಜಾಗಕ್ಕೆ ಬೋರ್‌ವೆಲ್ ಬಂದಿದೆ. ನಮ್ಮೂರು ಅರಸೀಕೆರೆ, ಹೆಸರಿನಲ್ಲೇ ಕೆರೆಯಿದೆ. ಆದರೂ ನಮ್ಮ ಮನೆಯ ಮಕ್ಕಳು ಈಜು ನೋಡಿದ್ದು ಮೊಬೈಲಿನಲ್ಲಿ.

ಹಾಗೆ ನೋಡಿಯೇ ನನ್ನ ಮಗ ಒಂದು ಸಂಜೆ ಕುಣಿದುಕೊಂಡು ಬಂದ. "ಅಮ್ಮಾ, ಇದಕ್ಕೆ ನೆಲ ಅಗೆಯೋದೇ ಬೇಡ. ಹಾಗೇ ಮೇಲಿಟ್ಟು ನೀರು ತುಂಬಿದ್ರೆ ಆಯ್ತು. ತಾರಸಿ ಮೇಲೇ ಇಡಬಹುದು!"

"ಬಚ್ಚಲಲ್ಲಿ ಹಂಡೆ ತುಂಬ ನೀರಿದೆ, ಸಾಲ್ದೇನೋ?" ಎಂದು ನಮ್ಮತ್ತೆ ಅಲ್ಲಿಗೇ ಮುಗಿಸಲು ನೋಡಿದರು. ಆದರೆ ನಮ್ಮವರು ಆಗಲೇ ಕನ್ನಡಕ ಏರಿಸಿಕೊಂಡು ಬೆಲೆ ನೋಡತೊಡಗಿದ್ದರು. ಗಂಡಸರು ಇಂಥ ಸಾಮಾನಿನ ಬೆಲೆ ನೋಡತೊಡಗಿದರೆಂದರೆ ಅದು ಅರ್ಧ ಮನೆಗೆ ಬಂದ ಹಾಗೆಯೇ.

ನಿಮ್ಮ ಮನೆಯಲ್ಲೂ ಇಂಥ ಬೇಡಿಕೆ ಬಂದಿರಬಹುದು. ಬೇಡವೆಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ನಾವು ಕೊಂಡೆವು, ಮಕ್ಕಳು ಸುಖಪಟ್ಟರು. ಆದರೆ ನಾವು ನೋಡಿದ್ದು ಕೊಳದ ಬೆಲೆಯನ್ನು ಮಾತ್ರ. ಒಳಗೆ ತುಂಬುವ ನೀರಿನ ಬಗ್ಗೆ ಯೋಚಿಸಿರಲಿಲ್ಲ.

ಎಷ್ಟು ಕೊಡ ನೀರು?

ಅಂಗಡಿಯ ಡಬ್ಬದ ಮೇಲೆ ಅಗಲ, ಎತ್ತರಗಳನ್ನು ಬರೆದಿರುತ್ತಾರೆ. ನೀರೆಷ್ಟು ಹಿಡಿಯುತ್ತದೆಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಆದ್ದರಿಂದ ಒಂದು ಸುಲಭ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ದುಂಡನೆಯ ಕೊಳವಾದರೆ ಅಡಿಗಳಲ್ಲಿ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 22ರಿಂದ ಗುಣಿಸಿದರೆ ಸುಮಾರಾಗಿ ಲೀಟರು ಸಿಗುತ್ತದೆ. ಚೌಕದ ಕೊಳವಾದರೆ ಉದ್ದ, ಅಗಲ, ಆಳಗಳನ್ನು ಗುಣಿಸಿ 28ರಿಂದ ಗುಣಿಸಬೇಕು.

ಹತ್ತು ಅಡಿ ಅಗಲದ ದುಂಡು ಕೊಳದಲ್ಲಿ ಎರಡು ಅಡಿ ನೀರು ನಿಲ್ಲಿಸಿದಿರೆನ್ನಿ. 4,400 ಲೀಟರು! ಹದಿನೈದು ಲೀಟರಿನ ಕೊಡದಲ್ಲಿ ಹೊತ್ತರೆ 290ಕ್ಕೂ ಹೆಚ್ಚು ಕೊಡ. ಎಂಟು ಅಡಿಯದಾದರೆ 2,800 ಲೀಟರು. ಐದು ಅಡಿಯ ಮಕ್ಕಳ ಕೊಳದಲ್ಲಿ ಎಂಟು ಅಂಗುಲ ನೀರು ಬಿಟ್ಟರೆ 370 ಲೀಟರಿನ ಆಸುಪಾಸು, ಅಂದರೆ ಎರಡು ಡ್ರಮ್ಮಿನಷ್ಟು. ಈ ಮೂರು ಅಂಕಿಗಳನ್ನು ಮನೆಯವರ ಮುಂದಿಟ್ಟರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ದೊಡ್ಡ ಕೊಳ ತರುವುದೆಂದರೆ, ಟ್ಯಾಂಕರಿಗೆ ಹಣ ತೆಗೆದಿಟ್ಟೇ ತರಬೇಕು. ಅದೂ ಬೇಸಿಗೆಯ ದರದಲ್ಲಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ ಜಲಮಂಡಳಿಯವರು ಈಜುಕೊಳಗಳಿಗೆ ಕುಡಿಯುವ ನೀರು ತುಂಬಬಾರದೆಂದು ಆಜ್ಞೆ ಮಾಡಿ, ತುಂಬಿದರೆ 5,000 ರೂಪಾಯಿ ದಂಡವೆಂದರು. ಪಕ್ಕದ ಮನೆಯವರು ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿರುವಾಗ ನಮ್ಮ ಅಂಗಳದಲ್ಲಿ 290 ಕೊಡ ನೀರು ನಿಂತಿದ್ದರೆ ದಂಡವಿಲ್ಲದಿದ್ದರೂ ಮನಸ್ಸು ಒಪ್ಪುವುದಿಲ್ಲ.

ತಾರಸಿಯ ಮಾತು

ನಮ್ಮವರ ಆಸೆ ತಾರಸಿಯ ಮೇಲಿತ್ತು. ಅಂಗಳ ಕೊಳಕಾಗದು, ಬೀದಿಯವರ ಕಣ್ಣಿಗೂ ಬೀಳದು ಎಂಬುದು ಅವರ ವಾದ. ಎದುರುಮನೆಯ ರಾಯರು ಎಂಜಿನಿಯರಾಗಿ ನಿವೃತ್ತರಾದವರು. ಪೇಪರ್ ಕೇಳಿಕೊಂಡು ಬಂದವರ ಕಿವಿಗೆ ಈ ಮಾತು ಬಿತ್ತು. ಪೇಪರನ್ನು ಅಲ್ಲೇ ಮಡಿಸಿಟ್ಟು ಕುಳಿತರು.

"ಅಲ್ಲಮ್ಮಾ, ಒಂದು ಚದರ ಮೀಟರು ಜಾಗದಲ್ಲಿ ಒಂದು ಸೆಂಟಿಮೀಟರು ನೀರು ನಿಂತ್ರೆ ಹತ್ತು ಕಿಲೋ ತೂಕ. ಎರಡು ಅಡಿ ನಿಲ್ಸಿದ್ರೆ ಎಷ್ಟಾಯ್ತು? ಆರುನೂರು ಕಿಲೋ! ನೀವು ಹತ್ತಿ ಓಡಾಡೋ ತಾರಸೀನ ಚದರ ಮೀಟರಿಗೆ ನೂರೈವತ್ತು ಕಿಲೋ ಹೊರೆ ಅಂತ ಲೆಕ್ಕ ಇಟ್ಟು ಕಟ್ಟಿರ್ತಾರೆ."

ಆ 150 ಕಿಲೋ ಅವರ ಸ್ವಂತ ಮಾತಲ್ಲ. ಮನೆ ಕಟ್ಟುವವರು ಅನುಸರಿಸಬೇಕಾದ ಭಾರತೀಯ ಮಾನಕ ಐ.ಎಸ್. 875ರ ಲೆಕ್ಕ. ವಾಸದ ಕೋಣೆಗಳ ನೆಲಕ್ಕೆ 200 ಕಿಲೋ, ಜನ ಹತ್ತುವ ತಾರಸಿಗೆ 150. ಎಂದರೆ ತಾರಸಿಯ ಮೇಲೆ ಆರು ಅಂಗುಲ ನೀರು ನಿಂತರೇ ಆ ಲೆಕ್ಕ ಮುಟ್ಟಿತು. ಕಟ್ಟುವವರು ಅದರ ಮೇಲೆ ಒಂದಿಷ್ಟು ಭದ್ರತೆಯನ್ನೂ ಸೇರಿಸಿರುತ್ತಾರೆ ನಿಜ. ಆದರೆ ಅದು ಆಪತ್ಕಾಲಕ್ಕೆ ಇಟ್ಟ ಗಂಟು, ದಿನದ ಖರ್ಚಿಗಲ್ಲ.

"ಹಾಗಾದ್ರೆ ಸಾವಿರ ಲೀಟರಿನ ಟ್ಯಾಂಕು ನಿಂತಿಲ್ವೇ?" ಎಂದು ನಮ್ಮವರು ಬಿಡಲಿಲ್ಲ. ಟ್ಯಾಂಕನ್ನು ಗೋಡೆ, ಕಂಬ, ತೊಲೆಗಳ ನೆತ್ತಿ ನೋಡಿ, ಅದಕ್ಕೆಂದೇ ಕಟ್ಟೆ ಕಟ್ಟಿ ಕೂರಿಸಿರುತ್ತಾರೆ. ಕೊಳವನ್ನು ನಾವು ಕೂರಿಸುವುದು ತಾರಸಿಯ ನಟ್ಟನಡುವೆ, ಹೊಟ್ಟೆಯ ಮೇಲೆ. ಜಂತಿಯ ಮನೆ, ಮದ್ರಾಸ್ ತಾರಸಿಯ ಹಳೆಯ ಮನೆಗಳಲ್ಲಂತೂ ಈ ಯೋಚನೆಯನ್ನೇ ಮಾಡಬೇಡಿ. ಹೊಸ ಮನೆಯಾದರೂ ಮನೆಯ ನಕ್ಷೆ ಕೈಯಲ್ಲಿ ಹಿಡಿದ ಎಂಜಿನಿಯರೊಬ್ಬರು ಆಗಬಹುದೆಂದು ಬರೆದುಕೊಡದ ಹೊರತು ಬೇಡ. ಬಾಲ್ಕನಿಗೂ ಇದೇ ಮಾತು. ನಮ್ಮ ಕೊಳ ಹಿತ್ತಿಲಿಗೆ ಬಂತು.

ಯಾವುದನ್ನು ಆರಿಸುವುದು?

ಪೂರ್ತಿ ಗಾಳಿ ತುಂಬುವ ಪುಟ್ಟ ಕೊಳ ಎಲ್ಲಕ್ಕಿಂತ ಅಗ್ಗ, ನೂರರ ಲೆಕ್ಕದಲ್ಲೇ ಸಿಗುತ್ತದೆ. ಐದಾರು ವರ್ಷದೊಳಗಿನ ಮಕ್ಕಳಿಗೆ ಇದೇ ಸಾಕು. ಆಟ ಮುಗಿದೊಡನೆ ನೀರನ್ನು ಗಿಡಕ್ಕೆ ಚೆಲ್ಲಿ ಗೋಡೆಗೆ ಒರಗಿಸಿದರಾಯಿತು. ಅದಕ್ಕಿಂತ ದೊಡ್ಡವು ಎರಡು ತೆರ. ಬಾಯಿಯ ಸುತ್ತ ಮಾತ್ರ ಗಾಳಿಯ ಬಳೆಯಿದ್ದು, ನೀರು ತುಂಬಿದಂತೆ ತಾನಾಗಿ ಮೇಲೇಳುವಂಥದು ಒಂದು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ದಪ್ಪ ಹಾಳೆಯನ್ನು ತೊಡಿಸುವಂಥದು ಇನ್ನೊಂದು. ಚೌಕಟ್ಟಿನದು ಬೆಲೆ ಹೆಚ್ಚು, ದೊಡ್ಡದಾದಂತೆ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಆದರೆ ಗಟ್ಟಿ. ಮಕ್ಕಳು ಅಂಚಿಗೆ ಒರಗಿದರೆ ಬಾಗದು. ನಾವು ಅಗ್ಗವೆಂದು ಗಾಳಿಬಳೆಯ ಎಂಟಡಿಯದನ್ನು ತಂದೆವು. ಈಗ ಕೇಳಿದರೆ ಅದನ್ನು ತರಬೇಡಿ ಎನ್ನುತ್ತೇನೆ. ಕಾರಣ ಮುಂದೆ ಹೇಳುತ್ತೇನೆ.

ಡಬ್ಬದ ಮೇಲಿನ ಚಿತ್ರವನ್ನು ನಂಬಬೇಡಿ. ಅದರಲ್ಲಿ ಅಪ್ಪ, ಅಮ್ಮ, ಮೂರು ಮಕ್ಕಳು ಸುಖವಾಗಿ ಈಜಾಡುತ್ತಿರುತ್ತಾರೆ. ನಮ್ಮ ಮನೆಯಲ್ಲಿ ನಮ್ಮವರೊಬ್ಬರು ಕುಳಿತರೆ ಮಕ್ಕಳಿಗೆ ಜಾಗವಿರಲಿಲ್ಲ. ಎಂಟು ಅಡಿಯಲ್ಲಿ ಕೈಕಾಲು ಬಡಿಯಬಹುದು, ಈಜು ಕಲಿಯಲಾಗದು. ಕೊಳ್ಳುವಾಗ ನೋಡಬೇಕಾದ್ದೇನೆಂದರೆ, ತೇಪೆ ಹಾಕುವ ಹಾಳೆ ಜೊತೆಗಿದೆಯೇ, ನೀರು ಬಿಡುವ ತೂಬಿಗೆ ತೋಟದ ಪೈಪು ಸಿಕ್ಕಿಸಲು ಬರುತ್ತದೆಯೇ, ಕೊಳವೆಗೆ ತುಕ್ಕು ಹಿಡಿಯದ ಲೇಪವಿದೆಯೇ, ಸೋಸುವ ಪಂಪು ಇದ್ದರೆ ಅದರ ಬದಲಿ ಫಿಲ್ಟರು ಮುಂದಿನ ವರ್ಷವೂ ಸಿಗುತ್ತದೆಯೇ ಎಂಬುದು. ಪಂಪಿರುವ ಕೊಳಕ್ಕೆ ಅರ್ಥಿಂಗ್ ಸರಿಯಾಗಿರುವ, ಆರ್.ಸಿ.ಸಿ.ಬಿ. ಹಾಕಿರುವ ಲೈನು ಬೇಕೇ ಬೇಕು. ಎಲೆಕ್ಟ್ರಿಷಿಯನ್ನಿಗೆ 30 ಮಿಲಿ ಆಂಪಿಯರಿನದು ಎಂದು ಕೇಳಿ ಹಾಕಿಸಿ. ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದಿಡುವ ಉಳಿತಾಯ ಬೇಡ.

ಜಾಗದ ಆಯ್ಕೆಯಲ್ಲಿ ನಾವು ಎಡವಿದೆವು. ನೆರಳಿದೆಯೆಂದು ತೆಂಗಿನ ಮರದ ಬುಡಕ್ಕೆ ಇಡಹೊರಟಾಗ ತೋಟದ ಕೆಲಸದಾತ ನಕ್ಕು, "ಅಮ್ಮಾವ್ರೆ, ಕಾಯಿ ಬಿದ್ರೆ ಕೊಳ ಹೋಗ್ಲಿ, ಮಕ್ಕಳ ತಲೆ?" ಎಂದ. ಜಾಗ ಬದಲಾಯಿತು. ಆದರೆ ಹೊಸ ಜಾಗ ಒಂದು ಕಡೆ ತಗ್ಗಾಗಿತ್ತು. ಬರಿಗಣ್ಣಿಗೆ ಕಾಣದು, ನೀರಿಗೆ ಕಾಣುತ್ತದೆ. ಅರ್ಧ ತುಂಬುವಷ್ಟರಲ್ಲಿ ಇಡೀ ಕೊಳ ಪೂರ್ವಕ್ಕೆ ಹೊಟ್ಟೆ ಬಿಟ್ಟುಕೊಂಡು ಜಾರತೊಡಗಿತು. ಎಲ್ಲ ನೀರನ್ನೂ ಬಿಟ್ಟು, ಮೇಸ್ತ್ರಿಯನ್ನು ಕರೆಸಿ, ರಸಮಟ್ಟ ಹಿಡಿಸಿದೆವು. ಎತ್ತರವಿದ್ದ ಕಡೆ ಕೆರೆದು ತೆಗೆಯಬೇಕಂತೆ. ತಗ್ಗಿಗೆ ಮಣ್ಣು ತುಂಬಿದರೆ ಭಾರಕ್ಕೆ ಮತ್ತೆ ಕುಸಿಯುತ್ತದೆ. ಕಲ್ಲು ಆರಿಸಿ, ಜರಡಿ ಹಿಡಿದ ಮರಳು ಹರಡಿ, ಮೇಲೆ ದಪ್ಪ ಟಾರ್ಪಾಲು ಹಾಸಿ. ಹಿತ್ತಿಲಲ್ಲಿ ಕೊನ್ನಾರಿ ಗಡ್ಡೆಯಿದ್ದರೆ ಬೇರುಸಹಿತ ಕೀಳಿಸಿ. ಅದರ ಮೊಳಕೆ ಸೂಜಿಯಂತೆ ಪ್ಲಾಸ್ಟಿಕ್ಕನ್ನೂ ತೂರಿಕೊಂಡು ಬರುತ್ತದೆ.

ಆ ಮಧ್ಯಾಹ್ನ

ಏಪ್ರಿಲ್ ಕೊನೆಯ ದಿನಗಳು. ಮಕ್ಕಳು ಬೆಳಿಗ್ಗೆಯೆಲ್ಲ ನೀರಾಡಿ, ಉಂಡು ಮಲಗಿದ್ದರು. ನಾನು ಒಲೆಯ ಮೇಲೆ ಹಾಲಿಟ್ಟು ಪಾತ್ರೆ ಜೋಡಿಸುತ್ತಿದ್ದೆ. ಹಿತ್ತಿಲಲ್ಲಿ ಸಂಡಿಗೆ ಮಗುಚಲು ಹೋದ ಅತ್ತೆಯವರು ಎಂದೂ ಕೂಗದ ಹಾಗೆ ಕೂಗಿದರು.

ಪಕ್ಕದ ಮನೆಯ ಎರಡೂವರೆ ವರ್ಷದ ಮಗು. ಓರೆಯಾಗಿದ್ದ ಗೇಟು ತಳ್ಳಿಕೊಂಡು ಬಂದಿತ್ತು. ನೀರಿನ ಮೇಲೆ ಮಕ್ಕಳು ಬಿಟ್ಟುಹೋದ ಹಳದಿ ಚೆಂಡು ತೇಲುತ್ತಿತ್ತು. ಅದಕ್ಕೆ ಕೈಚಾಚಿ ಮಗು ಗಾಳಿಬಳೆಯ ಮೇಲೆ ಕವುಚಿಕೊಂಡಿದೆ. ಮೆತ್ತನೆಯ ಬಳೆ ಒಳಕ್ಕೆ ಬಾಗಿ, ಅದರ ಎರಡೂ ಕಾಲು ನೆಲ ಬಿಟ್ಟು ಮೇಲೆದ್ದಿವೆ. ಎಪ್ಪತ್ತೆರಡು ವರ್ಷದ ಅತ್ತೆ ಹೇಗೆ ಓಡಿದರೋ, ಕಾಲು ಹಿಡಿದು ಎಳೆದುಕೊಂಡರು. ನಾನು ಹೊರಬರುವಷ್ಟರಲ್ಲಿ ಮಗು ಅವರ ಮಡಿಲಲ್ಲಿ ಅಳುತ್ತಿತ್ತು. ಮುಂಗುದಲು ಒದ್ದೆಯಾಗಿತ್ತು, ಅಷ್ಟೆ. ಒಳಗೆ ಹಾಲು ಉಕ್ಕಿ ಒಲೆ ಆರಿತ್ತು.

ನನ್ನನ್ನು ಇಂದಿಗೂ ನಡುಗಿಸುವುದೆಂದರೆ, ಅಷ್ಟು ಹೊತ್ತೂ ಒಂದು ಸದ್ದೂ ಇರಲಿಲ್ಲ. ನೀರಿಗೆ ಬಿದ್ದ ಮಗು ಕಿರುಚುತ್ತದೆ, ಕೇಳಿಸುತ್ತದೆ ಎಂದು ನಾವಂದುಕೊಂಡಿರುತ್ತೇವೆ. ಮೂಗು ಬಾಯಿ ಮುಳುಗಿದ ಮೇಲೆ ಕೂಗಲು ಉಸಿರೆಲ್ಲಿ? ತಲೆ ಭಾರದ ಆ ವಯಸ್ಸಿನ ಮಕ್ಕಳಿಗೆ ಕೆಲವೇ ಅಂಗುಲದ ನೀರೂ ಸಾಕು, ಕೆಲವೇ ನಿಮಿಷವೂ ಸಾಕು.

ಅಮೆರಿಕದ ಡಲ್ಲಾಸಿನಲ್ಲಿರುವ ನನ್ನ ಅಕ್ಕನ ಮಗಳಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅಲ್ಲಿ ಹಿತ್ತಿಲ ಕೊಳ ಸಾಮಾನ್ಯ. "ಚಿಕ್ಕಮ್ಮ, ಬೇಲಿ ಇಲ್ಲದೆ ಇಟ್ಟಿದ್ರಾ?" ಎಂದು ಅವಳೇ ಬೆಚ್ಚಿದಳು. ಆ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣವೇ ನೀರಿನಲ್ಲಿ ಮುಳುಗುವುದಂತೆ. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳುವ ಪ್ರಕಾರ ಕೊಳದ ಸುತ್ತ ಕನಿಷ್ಠ 48 ಅಂಗುಲ ಎತ್ತರದ ತಡೆ ಇರಬೇಕು, ಗೇಟು ತಾನಾಗಿ ಮುಚ್ಚಿ ಚಿಲಕ ಬೀಳಬೇಕು, ಏಣಿಯನ್ನು ಬಳಸದಾಗ ತೆಗೆದಿಡಬೇಕು.

ಆ ಸಂಜೆಯೇ ನೀರೆಲ್ಲ ತೆಂಗಿನ ಬುಡ ಸೇರಿತು. ಮರುವರ್ಷ ನಮ್ಮವರು ಮೊದಲು ನಾಲ್ಕಡಿಯ ಜಾಲರಿ ಬೇಲಿ ಹಾಕಿಸಿದರು, ಮೇಲ್ತುದಿಗೆ ಚಿಲಕವಿಟ್ಟರು. ಕೊಳವೂ ಬದಲಾಗಿ ಚೌಕಟ್ಟಿನದಾಯಿತು. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಒಬ್ಬ ದೊಡ್ಡವರು ಕೈಗೆಟಕುವ ದೂರದಲ್ಲಿ ಮಣೆ ಹಾಕಿಕೊಂಡು ಕೂರಬೇಕು. ಕೈಯಲ್ಲಿ ಮೊಬೈಲಿರಬಾರದು, ಒಲೆಯ ಮೇಲೆ ಸಾರಿರಬಾರದು. ಏಳುವಾಗ "ಈಗ ನೀವು ನೋಡ್ಕೊಳ್ಳಿ" ಎಂದು ಬಾಯಿಬಿಟ್ಟು ಹೇಳಿ, ಅವರು ಹೂಂ ಎಂದ ಮೇಲೇ ಏಳಬೇಕು. ಎಲ್ಲರೂ ಇದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಆಟ ಮುಗಿದೊಡನೆ ಚೆಂಡು, ಬಾತುಕೋಳಿಗಳನ್ನು ನೀರಿನಿಂದ ತೆಗೆದುಬಿಡಿ. ಕೊಳದ ಮೇಲೆ ಹೊದಿಸುವ ಪ್ಲಾಸ್ಟಿಕ್ ಹೊದಿಕೆ ಕಸಕ್ಕೆ ತಡೆಯೇ ಹೊರತು ಮಗುವಿಗಲ್ಲ. ತೋಳಿಗೆ ಕಟ್ಟುವ ಗಾಳಿಚೀಲಗಳನ್ನೂ ನೆಚ್ಚಬೇಡಿ.

ನಿಂತ ನೀರು

ಒಂದೇ ನೀರನ್ನು ವಾರಗಟ್ಟಲೆ ಇಡುವಂತಿಲ್ಲ. ಡೆಂಗೆ ತರುವ ಸೊಳ್ಳೆಗೆ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಹತ್ತುವ ಅಮೀಬಾದ ಸೋಂಕಿನಿಂದ ಮಕ್ಕಳು ಸತ್ತ ಸುದ್ದಿಯನ್ನು ನೀವೂ ಓದಿರುತ್ತೀರಿ. ಬೆಚ್ಚಗೆ ನಿಂತ ನೀರು ಮೂಗಿನೊಳಗೆ ಹೋದಾಗ ಬರುವ ಕಾಯಿಲೆ ಅದು. ಕ್ಲೋರಿನ್ ಸರಿಯಾಗಿರುವ ನೀರಿನಲ್ಲಿ ಆ ಭಯ ಬಹಳ ಕಡಿಮೆ.

ಪುಟ್ಟ ಕೊಳವಾದರೆ ದಿನವೂ ಚೆಲ್ಲಿಬಿಡಿ. ದೊಡ್ಡದಕ್ಕೆ ಪ್ರತಿ ಸಂಜೆ, ಮಕ್ಕಳು ಎದ್ದುಹೋದ ಮೇಲೆ, ಸಾವಿರ ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರು ಬೇಕು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಪುಡಿಯನ್ನು ಹಾಕಿ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಿರಿ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುವುದರಿಂದ ಬೆಳಿಗ್ಗೆ ಹಾಕಿ ಪ್ರಯೋಜನವಿಲ್ಲ. ಮಕ್ಕಳು ಇಳಿಯುವ ಮುನ್ನ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದರೆ ಕ್ಲೋರಿನ್ 1ರಿಂದ 3ರ ಒಳಗೆ, ಪಿ.ಎಚ್. 7.2ರಿಂದ 7.8ರ ಒಳಗೆ ಇರಬೇಕು. ಬ್ಲೀಚಿಂಗ್ ಪೌಡರನ್ನು ಬಚ್ಚಲು ತೊಳೆಯುವ ಆಸಿಡ್ಡಿನ ಹತ್ತಿರವೂ ಇಡಬೇಡಿ. ಎರಡೂ ಸೇರಿದರೆ ಹೊರಡುವ ಗಾಳಿ ಉಸಿರುಕಟ್ಟಿಸುತ್ತದೆ. ಕೊಳದ ನೀರನ್ನು ಗಿಡಕ್ಕೆ ಬಿಡುವುದಾದರೆ ಎರಡು ದಿನ ಕ್ಲೋರಿನ್ ಹಾಕದೆ, ಬೇಲಿಯ ಚಿಲಕ ಹಾಕಿ, ಬಿಸಿಲಿಗೆ ಬಿಟ್ಟು ಆಮೇಲೆ ಹರಿಸಿ.

ಮಳೆ ಹಿಡಿಯುವ ಮುನ್ನ ಕೊಳವನ್ನು ಸೋಪಿನ ನೀರಿನಲ್ಲಿ ಒರೆಸಿ, ನೆರಳಲ್ಲಿ ಎರಡು ದಿನ ಪೂರ್ತಿ ಒಣಗಿಸಿ, ಮಡಿಕೆಗಳ ನಡುವೆ ಟಾಲ್ಕಂ ಪೌಡರು ಉದುರಿಸಿ ಸಡಿಲವಾಗಿ ಸುತ್ತಿಡಬೇಕು. ಅಟ್ಟಕ್ಕೆ ಹಾಕಿದರೆ ಇಲಿಯ ಪಾಲು. ನಮ್ಮ ಮೊದಲ ಕೊಳ ಹಾಗೆಯೇ ಹೋಯಿತು. ಎರಡನೆಯದನ್ನು ಅತ್ತೆಯವರು ರಾಗಿ ತುಂಬುತ್ತಿದ್ದ ಹಳೆಯ ತಗಡಿನ ಡ್ರಮ್ಮಿನಲ್ಲಿಟ್ಟು ಮುಚ್ಚಳ ಬಿಗಿದಿದ್ದಾರೆ. ರಾಗಿಗೆ ಈಗ ಪ್ಲಾಸ್ಟಿಕ್ ಡ್ರಮ್ಮು.