ಹಳೆಯ ವಾಲ್ವ್ ಆಂಪ್ಲಿಫೈಯರುಗಳ ವಾಟ್ ಸಾಮರ್ಥ್ಯ ಮತ್ತು ನಾದಗುಣ: ಒಂದು ವಿವೇಚನೆ

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡಿಗರ ಕೇಳ್ಮೆಯನ್ನು ರೂಪಿಸಿದ ಉಪಕರಣಗಳ ಪೈಕಿ ನಿರ್ವಾತ ನಳಿಗೆಯ, ಅಂದರೆ ವಾಲ್ವಿನ, ಆಂಪ್ಲಿಫೈಯರಿಗೆ ಪ್ರಮುಖ ಸ್ಥಾನವಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಪ್ರೇಷಕದ ಸಾಮರ್ಥ್ಯ 30 ವಾಟ್. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಟೂರಿಂಗ್ ಟಾಕೀಸು, ಕಂಪನಿ ನಾಟಕ, ಜಾತ್ರೆಯ ಮೈಕ್‌ಸೆಟ್ಟು ಇವೆಲ್ಲವುಗಳ ದನಿಯ ಹಿಂದೆ ಒಂದು ಕಾಲಕ್ಕೆ ಇದ್ದುದು ವಾಲ್ವುಗಳೇ. ಈಗ ಅಂಥ ಪೆಟ್ಟಿಗೆಗಳು ಗುಜರಿ ಸೇರುತ್ತಿವೆ. ಉಳಿದವನ್ನು ಸಂಗ್ರಹಿಸಿ ದಾಖಲಿಸುವಾಗ ಎಷ್ಟು ವಾಟ್ ಎಂಬ ಸಂಖ್ಯೆಯೊಂದನ್ನೇ ಬರೆದಿಟ್ಟರೆ ಸಾಕೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಇದಕ್ಕೆ ಗಿಟಾರ್ ಆಂಪ್ಲಿಫೈಯರುಗಳನ್ನು ನಿದರ್ಶನವಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಬೇರೆಡೆ ದೋಷವೆನಿಸುವ ವಿಕೃತಿಯು ಅಲ್ಲಿ ಬೇಕೆಂದೇ ಬಳಸುವ ಗುಣವಾಗಿದೆ.

ವಾಟ್ ಎಂಬ ಅಳತೆ

ವಾಟ್ ಎಂಬುದು ಆಂಪ್ಲಿಫೈಯರು ಸ್ಪೀಕರಿಗೆ ಒದಗಿಸುವ ವಿದ್ಯುತ್ ಶಕ್ತಿಯ ಪ್ರಮಾಣವೇ ಹೊರತು ಕಿವಿಗೆ ಬೀಳುವ ದನಿಯ ಪ್ರಮಾಣವಲ್ಲ. ಶಕ್ತಿ ಇಮ್ಮಡಿಯಾದರೆ ಧ್ವನಿಮಟ್ಟ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ದನಿಯು ಎರಡರಷ್ಟು ಜೋರಾಯಿತೆಂದು ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ, ಬೇಕು. ಆದುದರಿಂದ 50 ವಾಟ್ ಹಾಗೂ 100 ವಾಟ್ ಪೆಟ್ಟಿಗೆಗಳ ನಡುವಿನ ಅಂತರವು ಸಂಖ್ಯೆಯಲ್ಲಿ ಕಾಣುವಷ್ಟು ಕಿವಿಯಲ್ಲಿ ಕಾಣದು.

ಸ್ಪೀಕರಿನ ಪಾತ್ರವಂತೂ ಇದಕ್ಕಿಂತ ನಿರ್ಣಾಯಕ. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಡಿಗೇನಹಳ್ಳಿಯಂಥ ಊರಿನ ಬಯಲಿನಲ್ಲಿ ರಾತ್ರಿ ಪೌರಾಣಿಕ ನಾಟಕ ನಡೆಯುತ್ತಿದೆ ಎಂದು ಭಾವಿಸೋಣ. 1 ವಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ 100 ಡೆಸಿಬೆಲ್ ನೀಡುವ ಉತ್ತಮ ಗಿಟಾರ್ ಸ್ಪೀಕರಿಗೆ 100 ವಾಟ್ ಹರಿಸಿದರೆ ಅಷ್ಟೇ ದೂರದಲ್ಲಿ 120 ಡೆಸಿಬೆಲ್ ದೊರೆಯುತ್ತದೆ. 108 ಡೆಸಿಬೆಲ್ ನೀಡುವ ಹಾರ್ನಿಗೆ ಕೇವಲ 15 ವಾಟ್ ಹರಿಸಿದರೂ ಹೆಚ್ಚುಕಡಿಮೆ ಅದೇ 120 ಡೆಸಿಬೆಲ್. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುವುದರಿಂದ 32 ಮೀಟರ್ ಆಚೆ ಕುಳಿತವರಿಗೆ ಎರಡರಿಂದಲೂ ಸುಮಾರು 90 ಡೆಸಿಬೆಲ್ ತಲಪುತ್ತದೆ. ಹಾರ್ನು ಕೆಳಸ್ಥಾಯಿಯ ಕಂಪನಗಳನ್ನು ಬಹುಪಾಲು ಕೈಬಿಟ್ಟು, ಕಿವಿಯು ಹೆಚ್ಚು ಸೂಕ್ಷ್ಮವಾಗಿರುವ ನಡುವಿನ ಕಂಪನಗಳನ್ನು ಒಂದೇ ದಿಕ್ಕಿಗೆ ಚೆಲ್ಲುತ್ತದೆ. ಕಡಿಮೆ ವಾಟಿನ ಪೆಟ್ಟಿಗೆಯೊಂದು ಊರಿಗೆಲ್ಲ ಕೇಳಿಸಬಲ್ಲುದರ ಗುಟ್ಟು ಇದೇ.

ವಿಕೃತಿಯ ಮಿತಿ

ವಾಟ್ ಸಂಖ್ಯೆಯಲ್ಲಿ ಇನ್ನೊಂದು ತೊಡಕಿದೆ. ಎಷ್ಟು ವಿಕೃತಿಯವರೆಗೆ ಅಳೆದದ್ದು ಎಂದು ಹೇಳದ ಹೊರತು ಆ ಸಂಖ್ಯೆಗೆ ಅರ್ಥವಿಲ್ಲ. ಶುದ್ಧ ಅಲೆಯ ತಲೆಯನ್ನು ಸಪಾಟಾಗಿ ಕತ್ತರಿಸಿ ಚೌಕ ಅಲೆಯಾಗಿಸಿದರೆ, ಅದೇ ಎತ್ತರದಲ್ಲಿ ಅದರ ಶಕ್ತಿ ತಾತ್ವಿಕವಾಗಿ ಎರಡರಷ್ಟಾಗುತ್ತದೆ. ಹಾಗಾಗಿ 15 ವಾಟ್ ಎಂದು ಗುರುತಿಸಲಾದ ಪೆಟ್ಟಿಗೆಯು ಪೂರ್ತಿ ತಿರುಗಿಸಿದಾಗ ಅದಕ್ಕಿಂತ ಹೆಚ್ಚು ಶಕ್ತಿಯನ್ನು ಹೊರಸೂಸಬಲ್ಲದು. ಆದರೆ ಇದಕ್ಕೆ ವಿದ್ಯುತ್ ಪೂರೈಕೆಯ ಭಾಗವು ಕಡಿವಾಣ ಹಾಕುತ್ತದೆ. ವಾಲ್ವ್ ರೆಕ್ಟಿಫೈಯರ್ ಉಳ್ಳ ಪೆಟ್ಟಿಗೆಯಲ್ಲಿ ತಂತಿಯನ್ನು ಬಲವಾಗಿ ಮೀಟಿದ ಕ್ಷಣ ವೋಲ್ಟೇಜು ಕುಸಿದು ಮತ್ತೆ ನಿಧಾನವಾಗಿ ಏರುತ್ತದೆ. ಇದರಿಂದ ಸ್ವರದ ಆರಂಭದ ಹೊಡೆತ ಮೃದುವಾಗಿ, ನಾದವು ಹಿಂದಿನಿಂದ ಉಬ್ಬಿ ಬಂದಂತೆ ಕೇಳುತ್ತದೆ.

ಪ್ರಸಿದ್ಧ ಮಾದರಿಗಳನ್ನು ಈ ದೃಷ್ಟಿಯಿಂದ ಹೋಲಿಸಬಹುದು. ಅಮೆರಿಕದ ಫೆಂಡರ್ ಸಂಸ್ಥೆ 1950ರ ದಶಕದ ಉತ್ತರಾರ್ಧದಲ್ಲಿ ತಯಾರಿಸಿದ ಡಿಲಕ್ಸ್ ಮಾದರಿಯಲ್ಲಿ ಎರಡು 6ವಿ6 ವಾಲ್ವುಗಳಿದ್ದು ಸಾಮರ್ಥ್ಯ ಸುಮಾರು 12ರಿಂದ 15 ವಾಟ್. ಇಂಗ್ಲೆಂಡಿನ ವೋಕ್ಸ್ ಎಸಿ30ರಲ್ಲಿ ನಾಲ್ಕು ಇಎಲ್84 ವಾಲ್ವುಗಳಿಂದ ಸುಮಾರು 30 ವಾಟ್. ಈ ಎರಡರಲ್ಲಿಯೂ ರೆಕ್ಟಿಫೈಯರು ವಾಲ್ವಿನದೇ. ಅಂತಿಮ ಹಂತದ ಸುತ್ತ ಋಣ ಮರುಪೂರಣವೂ ಇಲ್ಲ. ಆದ್ದರಿಂದ ಇವು ಶುದ್ಧ ನಾದದಿಂದ ವಿಕೃತ ನಾದಕ್ಕೆ ಮೆಲ್ಲನೆ ಜಾರುತ್ತವೆ. ಫೆಂಡರ್ ಬಾಸ್‌ಮನ್ ಮಂಡಲವನ್ನು ಅನುಸರಿಸಿ 1960ರ ದಶಕದ ಆರಂಭದಲ್ಲಿ ಮಾರ್ಷಲ್ ಜೆಟಿಎಂ45 ರೂಪುಗೊಂಡಿತು. ಆ ದಶಕದ ನಡುವಿನಲ್ಲಿ ಅದೇ ಸಂಸ್ಥೆಯ 100 ವಾಟ್ ಮಾದರಿ ಬಂದಿತು. ಅದರಲ್ಲಿ ಸಿಲಿಕಾನ್ ಡಯೋಡುಗಳಿರುವುದರಿಂದ ವೋಲ್ಟೇಜು ಅಷ್ಟಾಗಿ ಕುಸಿಯದೆ ಮೀಟು ಗಡುಸಾಗಿ ಕೇಳುತ್ತದೆ. 30ಕ್ಕೂ 100ಕ್ಕೂ ಧ್ವನಿಮಟ್ಟದಲ್ಲಿರುವ ವ್ಯತ್ಯಾಸ ಸುಮಾರು 5 ಡೆಸಿಬೆಲ್ ಮಾತ್ರ. ಸ್ವಭಾವದಲ್ಲಿರುವ ವ್ಯತ್ಯಾಸವನ್ನು ಈ ಸಂಖ್ಯೆ ಹೇಳಲಾರದು.

ನಾದಗುಣದ ಸ್ವರಶಾಸ್ತ್ರ

ವಿಕೃತಿ ಎಂದರೆ ಮೂಲಸ್ವರದಲ್ಲಿ ಇಲ್ಲದ ಗುಣಿತ ಕಂಪನಗಳು ಸೇರಿಕೊಳ್ಳುವುದು. ಮೂಲಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಎರಡನೆಯ ಗುಣಿತವು ತಾರಷಡ್ಜ, ಮೂರನೆಯದು ತಾರಸ್ಥಾಯಿಯ ಪಂಚಮ, ಐದನೆಯದು ಅದಕ್ಕೂ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಏಳನೆಯದು ನಮ್ಮ ಹನ್ನೆರಡು ಸ್ವರಸ್ಥಾನಗಳಲ್ಲಿ ಯಾವುದಕ್ಕೂ ಸರಿಯಾಗಿ ಕೂಡದು. ಕೆಳಗಿನ ಗುಣಿತಗಳು ಪ್ರಬಲವಾಗಿದ್ದರೆ ನಾದವು ತುಂಬಿದಂತೆಯೂ, ಮೇಲಿನವು ಪ್ರಬಲವಾದರೆ ಕರ್ಕಶವಾಗಿಯೂ ಕೇಳುತ್ತದೆ. ಒಂಟಿ ಟ್ರಯೋಡ್ ಹಂತವು ಎರಡನೆಯ ಗುಣಿತವನ್ನು ಮುಖ್ಯವಾಗಿ ಸೇರಿಸುತ್ತದೆ. ಜೋಡಿ ವಾಲ್ವುಗಳ ಪುಷ್‌ಪುಲ್ ಹಂತದಲ್ಲಿ ಸಮಸಂಖ್ಯೆಯ ಗುಣಿತಗಳು ಪರಸ್ಪರ ರದ್ದಾಗಿ ಬೆಸಸಂಖ್ಯೆಯವು ಉಳಿಯುತ್ತವೆ. ವಾಲ್ವು ಸಮಗುಣಿತಗಳನ್ನೇ ನೀಡುತ್ತದೆಂಬ ಜನಜನಿತ ಮಾತು ಆದ್ದರಿಂದ ಅರ್ಧಸತ್ಯ. ರಸೆಲ್ ಹ್ಯಾಮ್ ಅವರು 1973ರಲ್ಲಿ ಪ್ರಕಟಿಸಿದ, ಬಹುಚರ್ಚಿತವಾದ ಪ್ರಬಂಧವು ಪರಿಶೀಲಿಸಿದ್ದು ಮೈಕ್ರೊಫೋನಿನ ಪೂರ್ವವರ್ಧಕಗಳನ್ನೇ ಹೊರತು ಗಿಟಾರಿನ ಪೆಟ್ಟಿಗೆಗಳನ್ನಲ್ಲ ಎಂಬುದೂ ಗಮನಾರ್ಹ.

ಎರಡು ಸ್ವರಗಳನ್ನು ಕೂಡಿ ನುಡಿಸಿದಾಗ ಅವುಗಳ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹುಟ್ಟುತ್ತವೆ. ಷಡ್ಜ-ಪಂಚಮಗಳ ಅನುಪಾತ 2:3. ಅವುಗಳ ವ್ಯತ್ಯಾಸವು 1 ಆಗಿ, ಯಾರೂ ನುಡಿಸದ ಮಂದ್ರಷಡ್ಜವು ಕೇಳಿಬರುತ್ತದೆ. ವಿಕೃತ ನಾದದಲ್ಲಿ ಗಿಟಾರ್ ವಾದಕರು ಈ ಜೋಡಿಯನ್ನು ಮೆಚ್ಚುವುದಕ್ಕೂ, ಹೆಚ್ಚು ಸ್ವರಗಳ ಸಂಕೀರ್ಣ ಗುಚ್ಛಗಳು ಕಲಸಿಹೋಗುವುದಕ್ಕೂ ಇದು ಕಾರಣ.

ಈ ಬಗೆಯ ಸಿರಿವಂತಿಕೆ ನಮ್ಮ ಕಿವಿಗೆ ಹೊಸದೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸೇರಿಸುವ ಜೀವಾಳದ ಎಳೆಯು ಮಾಡುವ ಕೆಲಸವೂ ಗುಣಿತಗಳನ್ನು ಎಬ್ಬಿಸುವುದೇ. ತಂತಿಯನ್ನು ಮೀಟುವ ಬಿಂದುವಿನ ದೆಸೆಯಿಂದ ಹುಟ್ಟಬಾರದಾದ ಗುಣಿತಗಳೂ ವೀಣೆ-ತಂಬೂರಿಗಳಲ್ಲಿ ಕೇಳಿಬರುವುದನ್ನು ಸಿ.ವಿ. ರಾಮನ್ ಅವರು 1921ರಲ್ಲಿಯೇ ತೋರಿಸಿಕೊಟ್ಟರು. ಎರಡರ ಭೌತಿಕ ಪ್ರಕ್ರಿಯೆಗಳು ಬೇರೆಯಾದರೂ, ಸರಳ ನಿಯಮವನ್ನು ಮೀರುವೆಡೆಯಲ್ಲಿಯೇ ನಾದಕ್ಕೆ ಜೀವ ಬರುವುದೆಂಬ ತತ್ತ್ವ ಸಮಾನ.

ದಾಖಲಾತಿಯ ವಿಧಾನ

ಮೇಲಿನ ವಿವೇಚನೆಯಿಂದ ಹೊರಡುವ ಫಲಿತವಿಷ್ಟು: ಹಳೆಯ ಆಂಪ್ಲಿಫೈಯರಿನ ದನಿಯು ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ವಿದ್ಯುತ್ ಪೂರೈಕೆ ಹಾಗೂ ಸ್ಪೀಕರುಗಳ ಕೂಡು ಫಲ. ಇವುಗಳಲ್ಲಿ ಒಂದನ್ನು ಬದಲಿಸಿದರೂ ಉಳಿಯುವುದು ಬೇರೊಂದು ದನಿ. ಆದುದರಿಂದ ಸಂಗ್ರಹಾಲಯಗಳು ವಾಲ್ವುಗಳ ಹೆಸರು, ಟ್ರಾನ್ಸ್‌ಫಾರ್ಮರಿನ ಮೇಲಿನ ಗುರುತು, ಸ್ಪೀಕರಿನ ವ್ಯಾಸ ಮತ್ತು ಓಮ್ ಪ್ರಮಾಣಗಳನ್ನು ನಮೂದಿಸಬೇಕು. ಶಕ್ತಿಯನ್ನು ನಿಗದಿತ ವಿಕೃತಿಯ ಮಿತಿಯಲ್ಲಿ ಒಮ್ಮೆ, ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ಮತ್ತೊಮ್ಮೆ ಅಳೆದು ಬರೆಯಬೇಕು. ದುರಸ್ತಿಯಲ್ಲಿ ತೆಗೆದ ಮೂಲ ಬಿಡಿಭಾಗಗಳನ್ನು ಎಸೆಯದೆ ಪೆಟ್ಟಿಗೆಯೊಡನೆಯೇ ಇರಿಸಬೇಕು. ಪೆಟ್ಟಿಗೆಯನ್ನು ಅದರದೇ ಸ್ಪೀಕರಿನೊಡನೆ ನುಡಿಸಿ, 1 ಮೀಟರ್ ದೂರದಿಂದ ಧ್ವನಿಮುದ್ರಿಸಿಕೊಳ್ಳಬೇಕು. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ 300ರಿಂದ 450 ವೋಲ್ಟಿನವರೆಗಿನ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದಾದ ಕಾರಣ ಈ ಕೆಲಸವನ್ನು ಬಲ್ಲವರೇ ಮಾಡಬೇಕು.

ಅಂಥ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟಿ ದುಡಿಸಿದ ಮೆಕ್ಯಾನಿಕ್ಕುಗಳ ಮತ್ತು ಮೈಕ್‌ಸೆಟ್ಟಿನವರ ತಲೆಮಾರು ವಯಸ್ಸಾಗಿ ಮರೆಯಾಗುತ್ತಿದೆ. ಯಾವ ಊರಿನ ಬಯಲಿಗೆ ಯಾವ ಹಾರ್ನು, ಯಾವ ವಾಲ್ವು ಹೊಂದುತ್ತದೆಂಬ ಅವರ ತಿಳಿವಳಿಕೆ ಪುಸ್ತಕಗಳಲ್ಲಿ ಸಿಗುವಂಥದಲ್ಲ. ಉಪಕರಣಗಳನ್ನು ಸಂಗ್ರಹಿಸುವಷ್ಟೇ ಆಸ್ಥೆಯಿಂದ ಅವರ ಮಾತುಗಳನ್ನೂ ದಾಖಲಿಸಿದಾಗ ಮಾತ್ರ ಕರ್ನಾಟಕದ ಧ್ವನಿಚರಿತ್ರೆಯ ಈ ಅಧ್ಯಾಯ ಪೂರ್ಣಗೊಳ್ಳುತ್ತದೆ.